ಹಳೇ ಬೇಲಿ ಕಂಬ, ಆರ್ಸೆನಿಕ್ ಸೇರಿದ ಮಣ್ಣು: ಒಳ್ಳೆಯ ಬ್ಯಾಕ್ಟೀರಿಯಾಗಳ ಗತಿ ಏನು?

ಪ್ರಶ್ನೆ: ಮೂಡಿಗೆರೆ ತಾಲೂಕಿನಲ್ಲಿ ನಮ್ಮದು ಸಣ್ಣ ಕಾಫಿ ತೋಟ. ಹಿತ್ತಲಿನ ಒಂದು ಮೂಲೆಯಲ್ಲಿ ನಮ್ಮ ಮಾವನವರ ಕಾಲದ ಮರದ ಬೇಲಿ ಕಂಬಗಳ ರಾಶಿ ಇತ್ತು. ಔಷಧಿ ಕುಡಿಸಿದ, ಹಸಿರು ಛಾಯೆಯ ಕಂಬಗಳು. ಅವನ್ನು ತೆಗೆದು ಅಲ್ಲಿ ಅಲಸಂದೆ ಹಾಕಿದೆವು. ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಬೀಜಕ್ಕೆ ಲೇಪಿಸಿದ್ದರೂ ಬೇರಿನಲ್ಲಿ ಗಂಟು ಬಹಳ ಕಡಿಮೆ. ಎಲೆ ಹಳದಿ. ಮಗಳು ಬೆಂಗಳೂರಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿದಳು. ಆರ್ಸೆನಿಕ್ ಕೆಜಿಗೆ 46 ಮಿಲಿಗ್ರಾಂ ಅಂತ ಬಂದಿದೆ. ಮಣ್ಣಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತೇ ಹೋದವಾ? ವಿಷ ತಿನ್ನುವ ಬ್ಯಾಕ್ಟೀರಿಯಾದ ಪುಡಿ ಸಿಗುತ್ತದೆ, ತಂದು ಹಾಕಿ ಎನ್ನುತ್ತಾರೆ. ಹಾಕಬಹುದಾ? ತೆಗೆದ ಕಂಬಗಳನ್ನು ಸೌದೆಗೆ ಬಳಸಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅದು ತಡ ಮಾಡುವಂಥದ್ದಲ್ಲ. ಆ ಕಂಬಗಳನ್ನು ಸುಡಲೇಬೇಡಿ. ಬಚ್ಚಲ ಒಲೆಗೂ ಬೇಡ, ಕಣದ ಪಕ್ಕ ಕಸದ ಜೊತೆ ಬೆಂಕಿ ಹಾಕುವುದೂ ಬೇಡ.

ನಿಮ್ಮ ಕಂಬಕ್ಕೆ ಕುಡಿಸಿದ್ದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ ಔಷಧಿ ಇರಬೇಕು. ಹಸಿರು ಛಾಯೆ ಅದರದ್ದೇ ಗುರುತು. ಈ ಔಷಧಿ ನಮ್ಮ ದೇಶದಲ್ಲೇ ಹುಟ್ಟಿದ್ದು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಇದನ್ನು ಕಂಡುಹಿಡಿದರು. ಆಸ್ಕು ಅನ್ನುವ ಹೆಸರಿನಲ್ಲಿ ಅದು ಪ್ರಪಂಚವೆಲ್ಲ ಓಡಾಡಿತು. ಗೆದ್ದಲು, ಶಿಲೀಂಧ್ರ ಎರಡರಿಂದಲೂ ಮರವನ್ನು ದಶಕಗಟ್ಟಲೆ ಕಾಪಾಡುತ್ತದೆ. ಆದರೆ ಮಳೆ ಬಿದ್ದಂತೆಲ್ಲ ಸ್ವಲ್ಪ ಸ್ವಲ್ಪ ಆರ್ಸೆನಿಕ್ ಮರದಿಂದ ಇಳಿದು ಮಣ್ಣು ಸೇರುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಇದನ್ನು ಹಾಕುವುದು ನಿಂತಿತು. ಸುಟ್ಟರೆ ಇನ್ನೂ ಕೆಟ್ಟದ್ದು. ಒಂದು ಪಾಲು ಆರ್ಸೆನಿಕ್ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಂಥ ಬೂದಿ ನೆಕ್ಕಿ ದನ ಸತ್ತ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ನಮ್ಮ ಕಡೆ ಬೂದಿಯನ್ನು ಯಾರೂ ಸುಮ್ನೆ ಎಸೆಯುವುದಿಲ್ಲ. ಬಾಳೆ ಬುಡಕ್ಕೆ, ತರಕಾರಿ ಮಡಿಗೆ, ಕೊಟ್ಟಿಗೆ ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಹಾಗಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕಂಬಗಳನ್ನು ಮಳೆ ಬೀಳದ ಕಡೆ, ನೆಲಕ್ಕೆ ತಾಗದ ಹಾಗೆ ಪೇರಿಸಿಡಿ. ಗರಗಸ ಹಾಕಿ ಕೊಯ್ಯಬೇಡಿ, ಪುಡಿಯೂ ವಿಷವೇ. ವಿಲೇವಾರಿ ಹೇಗೆ ಅನ್ನುವುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಇನ್ನು 46 ಎಂಬ ಅಂಕಿ. ಆರ್ಸೆನಿಕ್ ಎಲ್ಲ ಮಣ್ಣಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಸಾಮಾನ್ಯ ಮಣ್ಣಿನಲ್ಲಿ ಕೆಜಿಗೆ 10 ಮಿಲಿಗ್ರಾಂ ಒಳಗೆ. ಎಚ್ಚರಿಕೆಯ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆದಿದೆ. ಕೆನಡಾ ಕೃಷಿ ಭೂಮಿಗೆ 12 ಅಂದಿದೆ. ಬ್ರಿಟನ್ 2009ರಲ್ಲಿ ತರಕಾರಿ ಬೆಳೆಯುವ ತುಂಡು ಜಾಗಗಳಿಗೆ 43 ಅಂದಿತು. ನಿಮ್ಮ ಮೂಲೆ ಎರಡನ್ನೂ ದಾಟಿದೆ. ಗಾಬರಿಪಡುವ ಮಟ್ಟ ಅಲ್ಲ, ಕಣ್ಣು ಮುಚ್ಚಿ ಕೂರುವ ಮಟ್ಟವೂ ಅಲ್ಲ. ಒಂದು ಸಮಾಧಾನ ಏನೆಂದರೆ, ಕಂಬದಿಂದ ಇಳಿದ ಆರ್ಸೆನಿಕ್ ಹೆಚ್ಚು ದೂರ ಹೋಗುವುದಿಲ್ಲ. ಬುಡದಿಂದ ಕೆಲವು ಅಡಿ ದಾಟಿದರೆ ಸಾಮಾನ್ಯವಾಗಿ ಸರ್ರನೆ ಕಡಿಮೆಯಾಗುತ್ತದೆ. ಕರ್ನಾಟಕದಲ್ಲಿ ಆರ್ಸೆನಿಕ್ ದೊಡ್ಡ ಸುದ್ದಿಯಾಗಿದ್ದು ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ. ಅಲ್ಲಿ ಅದು ಬಂದಿದ್ದು ಚಿನ್ನದ ಅದಿರಿನ ಪಟ್ಟಿಯ ಬಂಡೆಗಳಿಂದ, ಕುಡಿಯುವ ನೀರಿನಲ್ಲಿ. ನಿಮ್ಮದು ಹಾಗಲ್ಲ. ಒಂದು ಮೂಲೆಯ ತೊಂದರೆ.

ಈಗ ಬ್ಯಾಕ್ಟೀರಿಯಾಗಳ ವಿಷಯ. ಸತ್ತಿಲ್ಲ. ಖಂಡಿತ ಸತ್ತಿಲ್ಲ. ಆ ಮೂಲೆಯ ಒಂದು ಚಿಟಿಕೆ ಮಣ್ಣಿನಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಆದರೆ ಬದುಕಿವೆ ಅನ್ನುವುದು ಒಂದು ಮಾತು, ನಿಮಗೆ ಬೇಕಾದ ಕೆಲಸ ಮಾಡುತ್ತಿವೆ ಅನ್ನುವುದು ಬೇರೆಯೇ ಮಾತು. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಅದು ಅರ್ಥವಾಗಬೇಕಾದರೆ ಆರ್ಸೆನಿಕ್ ಬ್ಯಾಕ್ಟೀರಿಯಾದ ಒಳಗೆ ಹೇಗೆ ನುಗ್ಗುತ್ತದೆ ಅನ್ನುವಲ್ಲಿಂದ ಶುರು ಮಾಡಬೇಕು.

ಆರ್ಸೆನಿಕ್ ಒಂದು ಅರೆಲೋಹ. ಲೋಹದ ಗುಣ ಸ್ವಲ್ಪ, ಅಲೋಹದ ಗುಣ ಸ್ವಲ್ಪ. ನಿಮ್ಮ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬೋರಾನ್ ಅಂತ ಒಂದು ಸಾಲು ಇರುತ್ತದೆ, ಅದೂ ಅರೆಲೋಹವೇ. (ಆ ಕಾರ್ಡಿನ 12 ಅಂಶಗಳಲ್ಲಿ ಆರ್ಸೆನಿಕ್ ಇಲ್ಲ. ನಿಮ್ಮ ಮಗಳು ಬೇರೆಯಾಗಿ ಮಾಡಿಸಿದ್ದು ಒಳ್ಳೆಯದೇ ಆಯಿತು.) ಮಣ್ಣಿನಲ್ಲಿ ಆರ್ಸೆನಿಕ್‌ಗೆ ಎರಡು ಮುಖ್ಯ ರೂಪ. ಗಾಳಿಯಾಡುವ ಮಣ್ಣಿನಲ್ಲಿ ಆರ್ಸೆನೇಟ್. ನೀರು ನಿಂತು ಗಾಳಿ ಕಟ್ಟಿದ ಮಣ್ಣಿನಲ್ಲಿ ಆರ್ಸೆನೈಟ್. ಹೆಸರು ಅವಳಿ ಮಕ್ಕಳ ಹೆಸರಿನಂತಿದ್ದರೂ ನಡತೆ ಪೂರ್ತಿ ಬೇರೆ.

ಆರ್ಸೆನೇಟ್ ನೋಡಲು ಥೇಟ್ ಫಾಸ್ಫೇಟ್. ಆಕಾರ, ಗಾತ್ರ, ವಿದ್ಯುದಂಶ ಎಲ್ಲ ಹತ್ತಿರ ಹತ್ತಿರ. ಫಾಸ್ಫೇಟ್ ಅಂದರೆ ಜೀವಕೋಶಕ್ಕೆ ರಂಜಕ ಸಿಗುವ ರೂಪ. ರಂಜಕ ಇಲ್ಲದೆ ಯಾವ ಜೀವಕೋಶವೂ ಬದುಕುವುದಿಲ್ಲ. ಹಾಗಾಗಿ ಪ್ರತಿ ಬ್ಯಾಕ್ಟೀರಿಯಾ ತನ್ನ ಹೊರಪೊರೆಯಲ್ಲಿ ಫಾಸ್ಫೇಟ್ ಒಳಗೆ ಎಳೆಯುವ ಬಾಗಿಲುಗಳನ್ನು ಇಟ್ಟುಕೊಂಡಿದೆ. ಆರ್ಸೆನೇಟ್ ಅದೇ ಬಾಗಿಲಿನಲ್ಲಿ ಒಳಗೆ ಬರುತ್ತದೆ. ಒಳಗೆ ಬಂದ ಮೇಲೆ ಶಕ್ತಿ ತಯಾರಾಗುವ ಜಾಗದಲ್ಲಿ ಫಾಸ್ಫೇಟ್ ಕೂರಬೇಕಾದ ಕಡೆ ತಾನು ಕೂರುತ್ತದೆ. ಆ ಜೋಡಣೆ ನಿಲ್ಲುವುದಿಲ್ಲ, ಕ್ಷಣದಲ್ಲೇ ಒಡೆದುಹೋಗುತ್ತದೆ. ಶ್ರಮವೆಲ್ಲ ವ್ಯರ್ಥ. ಆರ್ಸೆನೈಟ್ ಬರುವ ದಾರಿ ಬೇರೆ. ಗ್ಲಿಸರಾಲ್‌ನಂಥ ಸಣ್ಣ ಅಣುಗಳು ಓಡಾಡುವ ಕಾಲುವೆಗಳ ಮೂಲಕ ಅದು ನುಸುಳುತ್ತದೆ. ಒಳಗೆ ಪ್ರೋಟೀನುಗಳಲ್ಲಿರುವ ಗಂಧಕದ ತುದಿಗಳನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಎರಡರಲ್ಲಿ ಜಾಸ್ತಿ ವಿಷ ಇದೇ.

ಇಷ್ಟು ತಿಳಿದ ಮೇಲೆ ಬ್ಯಾಕ್ಟೀರಿಯಾ ಮಾಡುವ ಕೆಲಸ ನೋಡಿದರೆ ವಿಚಿತ್ರ ಅನಿಸುತ್ತದೆ. ಒಳಗೆ ಬಂದ ಆರ್ಸೆನೇಟನ್ನು ಅದು ಹೆಚ್ಚು ವಿಷವಾದ ಆರ್ಸೆನೈಟ್ ಆಗಿ ಬದಲಾಯಿಸುತ್ತದೆ! ಏಕೆ ಅಂತ ಯೋಚಿಸಿ. ಆರ್ಸೆನೇಟ್ ಫಾಸ್ಫೇಟಿನ ಹಾಗೇ ಇದೆ. ಅದನ್ನು ಹೊರಗೆ ತಳ್ಳುವ ಪಂಪ್ ಇಟ್ಟುಕೊಂಡರೆ ಫಾಸ್ಫೇಟೂ ಜೊತೆಗೆ ಹೊರಗೆ ಹೋಗುವ ಅಪಾಯ ಇದೆ. ಆರ್ಸೆನೈಟ್ ರೂಪ ಬೇರೆ, ಗುರುತು ಸಿಗುತ್ತದೆ. ಆದ್ದರಿಂದ ಮೊದಲು ರೂಪ ಬದಲಾಯಿಸು, ಆಮೇಲೆ ಹಿಡಿದು ಹೊರಗೆ ಹಾಕು.

ಈ ಕೆಲಸಕ್ಕೆ ಬೇಕಾದ ಜೀನುಗಳು ಸಾಮಾನ್ಯವಾಗಿ ಸಾಲಾಗಿ ಒಂದೇ ಕಡೆ ಇರುತ್ತವೆ. ಆ ಸಾಲಿಗೆ ಆರ್ಸ್ ಅಂತ ಹೆಸರು. ಅದರಲ್ಲಿ ಒಂದು ಜೀನ್ ಕಾವಲಿನದು, ಆರ್ಸ್‌ಆರ್. ಆರ್ಸೆನಿಕ್ ಇಲ್ಲದಾಗ ಅದರ ಪ್ರೋಟೀನ್ ಡಿಎನ್ಎ ಮೇಲೆ ಕೂತು ಉಳಿದ ಜೀನುಗಳನ್ನು ಮುಚ್ಚಿಡುತ್ತದೆ. ಆರ್ಸೆನೈಟ್ ಬಂದು ಆ ಪ್ರೋಟೀನಿಗೆ ಅಂಟಿದ ಕೂಡಲೇ ಅದು ಜಾರಿ ಬೀಳುತ್ತದೆ. ಜೀನುಗಳು ತೆರೆದುಕೊಳ್ಳುತ್ತವೆ. ಆರ್ಸ್‌ಸಿ ರೂಪ ಬದಲಾಯಿಸುತ್ತದೆ, ಆರ್ಸ್‌ಬಿ ಪಂಪ್ ಮಾಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಪಂಪಿಗೆ ಶಕ್ತಿ ಊಡಿಸುವ ಆರ್ಸ್‌ಎ, ಅದಕ್ಕೆ ಆರ್ಸೆನೈಟನ್ನು ಕೈಗೆ ಕೊಡುವ ಆರ್ಸ್‌ಡಿ ಕೂಡ ಇವೆ. ವಿಷ ಇದ್ದಾಗ ಮಾತ್ರ ಖರ್ಚು, ಇಲ್ಲದಾಗ ಉಳಿತಾಯ. ಎಷ್ಟು ಅಚ್ಚುಕಟ್ಟು ಅಲ್ವಾ?

ಈ ಜೀನುಗಳು ನಿಮ್ಮ ಕಂಬದ ರಾಶಿಗಾಗಿ ಹುಟ್ಟಿದವಲ್ಲ. ಬಹಳ ಬಹಳ ಹಳೆಯವು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಏರತೊಡಗಿತು. ಅದಕ್ಕೂ ಮೊದಲು ಆರ್ಸೆನಿಕ್ ಹೆಚ್ಚಾಗಿ ಆರ್ಸೆನೈಟ್ ರೂಪದಲ್ಲಿತ್ತು. ಆಗಿನ ಜೀವಿಗಳಿಗೆ ಬೇಕಾಗಿದ್ದು ಆರ್ಸೆನೈಟ್ ಪಂಪ್. ಆಮ್ಲಜನಕ ಬಂದ ಮೇಲೆ ಆರ್ಸೆನೇಟ್ ಜಾಸ್ತಿಯಾಯಿತು. ಇದ್ದ ಪಂಪಿನ ಜೊತೆಗೇ ರೂಪ ಬದಲಾಯಿಸುವ ಭಾಗವೊಂದು ಬಂದು ಸೇರಿಕೊಂಡಿತು ಎಂದು ವಿಜ್ಞಾನಿಗಳು ತರ್ಕಿಸುತ್ತಾರೆ. ಒಳ್ಳೆಯ ಮಣ್ಣಿನಲ್ಲೂ ಇಂಥ ಜೀನು ಇರುವ ಬ್ಯಾಕ್ಟೀರಿಯಾಗಳು ಸಿಗುವುದು ಇದಕ್ಕೇ. ಜೊತೆಗೆ ಈ ಜೀನುಗಳು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್ಎ ಬಳೆಗಳ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ವಿಷ ಬಿದ್ದ ಜಾಗದಲ್ಲಿ ತಡೆಯುವ ಶಕ್ತಿ ಇದ್ದವು ಉಳಿದು ಬೆಳೆಯುತ್ತವೆ. ಉಳಿದವು ಹಿಂದೆ ಬೀಳುತ್ತವೆ. ನಿಮ್ಮ ಮೂಲೆಯಲ್ಲೂ ಇದೇ ಆಗಿರುತ್ತದೆ.

ಬೇರಿನ ಗಂಟಿನ ಬ್ಯಾಕ್ಟೀರಿಯಾಗಳಲ್ಲಿ ಒಂದು ನನಗೆ ಬಹಳ ಇಷ್ಟ. ಕುದುರೆ ಮಸಾಲೆ ಸೊಪ್ಪಿನ ಬೇರಿನಲ್ಲಿ ಗಂಟು ಕಟ್ಟುವ ಸೈನೋರೈಜೋಬಿಯಂ ಮೆಲಿಲೋಟಿ. ಅದರ ಆರ್ಸ್ ಸಾಲಿನಲ್ಲಿ ಪಂಪ್ ಇರಬೇಕಾದ ಜಾಗದಲ್ಲಿ ಪಂಪೇ ಇಲ್ಲ. ಬದಲಿಗೆ ಒಂದು ತೆರೆದ ಕಾಲುವೆ ಇದೆ ಎಂದು 2005ರಲ್ಲಿ ಸಂಶೋಧಕರು ತೋರಿಸಿದರು. ಆರ್ಸೆನೇಟ್ ಒಳಗೆ ಬರುತ್ತದೆ, ಆರ್ಸೆನೈಟ್ ಆಗುತ್ತದೆ. ಒಳಗೆ ಅದರ ಸಾಂದ್ರತೆ ಏರುತ್ತದೆ, ಹೊರಗೆ ಕಡಿಮೆ ಇರುತ್ತದೆ. ತನ್ನಷ್ಟಕ್ಕೆ ಕಾಲುವೆಯಲ್ಲಿ ಹೊರಗೆ ಹರಿದುಹೋಗುತ್ತದೆ. ತಳ್ಳುವುದಕ್ಕೆ ಶಕ್ತಿ ಖರ್ಚು ಮಾಡಬೇಕಾಗಿಲ್ಲ. ಆದರೆ ಹೊರಗಿನ ಮಣ್ಣುನೀರಿನಲ್ಲೇ ಆರ್ಸೆನೈಟ್ ಜಾಸ್ತಿ ಇದ್ದರೆ ಅದೇ ಕಾಲುವೆಯಲ್ಲಿ ವಿಷ ಒಳಗೆ ಹರಿಯುತ್ತದೆ. ಗಾಳಿಯಾಡುವ ಮಣ್ಣಿಗೆ ಹೊಂದಿದ ಉಪಾಯ, ನೀರು ನಿಂತ ಮಣ್ಣಿಗೆ ಅಲ್ಲ. ಇದನ್ನು ನೆನಪಿಡಿ, ಬಸಿಗಾಲುವೆ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಅದರ ಬಳಗದಲ್ಲೇ ಇನ್ನೊಂದಿದೆ, ಎನ್‌ಟಿ-26. ಆಸ್ಟ್ರೇಲಿಯಾದ ಚಿನ್ನದ ಗಣಿಯೊಂದರಲ್ಲಿ, ಆರ್ಸೆನಿಕ್ ತುಂಬಿದ ಬಂಡೆಯಿಂದ ಅದನ್ನು ಬೇರ್ಪಡಿಸಿದರು. ಆರ್ಸೆನೈಟನ್ನು ಆರ್ಸೆನೇಟ್ ಆಗಿ ಬದಲಾಯಿಸುವಾಗ ಸಿಗುವ ಶಕ್ತಿಯಿಂದಲೇ ಅದು ಬೆಳೆಯಬಲ್ಲದು. ಬೇರೆಯವಕ್ಕೆ ವಿಷ, ಇದಕ್ಕೆ ಇಂಧನ. ಆರ್ಸೆನೈಟ್ ಕಡಿಮೆಯಾಗುವುದರಿಂದ ಅಕ್ಕಪಕ್ಕದವಕ್ಕೂ ಒಳ್ಳೆಯದೇ.

ಇನ್ನೂ ಕೆಲವು ಉಪಾಯಗಳಿವೆ. ಕೆಲವು ಬ್ಯಾಕ್ಟೀರಿಯಾಗಳು ಅಂಟಂಟಾದ ಲೋಳೆ ಸುರಿಸಿಕೊಂಡು ಗುಂಪಾಗಿ ಬದುಕುತ್ತವೆ. ಆ ಲೋಳೆ ಒಂದಷ್ಟು ವಿಷವನ್ನು ಹೊರಗೇ ಹಿಡಿದಿಡುತ್ತದೆ. ರಂಜಕದ ಬಾಗಿಲಿನಲ್ಲೂ ಎರಡು ಬಗೆ. ಒಂದು ಸಡಿಲ, ಆರ್ಸೆನೇಟನ್ನು ಸುಲಭವಾಗಿ ಬಿಡುತ್ತದೆ. ಇನ್ನೊಂದು ಬಿಗಿ, ಫಾಸ್ಫೇಟನ್ನೇ ಆರಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಆರ್ಸೆನಿಕ್‌ಗೆ ಮೀಥೈಲ್ ಗುಂಪು ಸೇರಿಸಿ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಶಿಲೀಂಧ್ರಗಳೂ ಇದನ್ನು ಮಾಡುತ್ತವೆ. 19ನೇ ಶತಮಾನದಲ್ಲಿ ಯೂರೋಪಿನ ಮನೆಗಳಲ್ಲಿ ಆರ್ಸೆನಿಕ್ ಇದ್ದ ಹಸಿರು ಬಣ್ಣದ ಗೋಡೆ ಕಾಗದ ಅಂಟಿಸುತ್ತಿದ್ದರು. ತೇವ ಹಿಡಿದ ಗೋಡೆಯಲ್ಲಿ ಬೂಸ್ಟು ಬೆಳೆದು ಬೆಳ್ಳುಳ್ಳಿ ವಾಸನೆಯ ಅನಿಲ ಬರುತ್ತಿತ್ತು. ಇಟಲಿಯ ವೈದ್ಯ ಬಾರ್ತೊಲೊಮಿಯೊ ಗೋಸಿಯೊ 1890ರ ದಶಕದಲ್ಲಿ ಅದು ಬೂಸ್ಟಿನ ಕೆಲಸ ಎಂದು ತೋರಿಸಿದರು.

ಒಂದು ಮಾತು ಗಮನಿಸಿ. ಇಷ್ಟೂ ಉಪಾಯಗಳಲ್ಲಿ ಆರ್ಸೆನಿಕ್ ನಾಶವಾಗುವ ಉಪಾಯ ಒಂದೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಅದು ಮೂಲಧಾತು. ಕೀಟನಾಶಕದ ಅಣುವನ್ನು ಬ್ಯಾಕ್ಟೀರಿಯಾ ಒಡೆದು ಇಂಗಾಲ ಮಾಡಿ ತಿಂದುಬಿಡಬಹುದು. ಆರ್ಸೆನಿಕ್ ಅನ್ನು ಒಡೆಯಲು ಏನೂ ಇಲ್ಲ. ಆಷಾಢದ ಮಳೆಯಲ್ಲಿ ಸೋರುವ ಮನೆಯವರು ನೀರು ಎತ್ತಿ ಎತ್ತಿ ಅಂಗಳಕ್ಕೆ ಸುರಿದ ಹಾಗೆ ಇದು. ಮನೆಯೊಳಗೆ ಮಲಗಲು ಜಾಗವಾಗುತ್ತದೆ ಸರಿ, ನೀರು ಅಂಗಳದಲ್ಲೇ ಇರುತ್ತದೆ. ಬ್ಯಾಕ್ಟೀರಿಯಾ ಹೊರಗೆ ಹಾಕಿದ ಆರ್ಸೆನೈಟ್ ಬೀಳುವುದು ನಿಮ್ಮ ಅಲಸಂದೆಯ ಬೇರಿನ ಪಕ್ಕದ ಮಣ್ಣುನೀರಿಗೆ.

ಇಲ್ಲಿಂದ ನಿಮ್ಮ ಪುಡಿಯ ಪ್ರಶ್ನೆಗೆ ಬರಬಹುದು. ವಿಷ ತಿನ್ನುವ ಬ್ಯಾಕ್ಟೀರಿಯಾ ಅಂತ ಯಾರು ಏನೇ ಮಾರಿದರೂ ಆರ್ಸೆನಿಕ್ ಮಟ್ಟಿಗೆ ದುಡ್ಡು ಕೊಡಬೇಡಿ. 46 ಇದ್ದದ್ದು ಪುಡಿ ಹಾಕಿದ ಮೇಲೂ ಹೆಚ್ಚುಕಡಿಮೆ 46 ಆಗಿಯೇ ಇರುತ್ತದೆ. ಅನಿಲವಾಗಿ ಹೋಗುವ ಪಾಲು ಸಾಮಾನ್ಯ ಮಣ್ಣಿನಲ್ಲಿ ಬಹಳ ಕಡಿಮೆ. ಈ ಕಲ್ಪನೆ ಹರಡಲು ಒಂದು ದೊಡ್ಡ ಸುದ್ದಿಯೂ ಸಹಾಯ ಮಾಡಿರಬಹುದು. 2010ರಲ್ಲಿ ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಬ್ಯಾಕ್ಟೀರಿಯಾವೊಂದು ರಂಜಕದ ಬದಲು ಆರ್ಸೆನಿಕ್ ಬಳಸಿ ಡಿಎನ್ಎ ಕಟ್ಟುತ್ತದೆ ಎಂಬ ಲೇಖನ ಬಂತು. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಸುದ್ದಿ. 2012ರಲ್ಲಿ ಬೇರೆ ವಿಜ್ಞಾನಿಗಳು ಪರೀಕ್ಷಿಸಿ ಅದು ನಿಜವಲ್ಲ ಎಂದು ತೋರಿಸಿದರು. ಆ ಬ್ಯಾಕ್ಟೀರಿಯಾ ಆರ್ಸೆನಿಕ್ ಬಳಸುತ್ತಿರಲಿಲ್ಲ. ಅಪಾರ ಆರ್ಸೆನಿಕ್ ನಡುವೆ ಚೂರುಪಾರು ಇದ್ದ ಫಾಸ್ಫೇಟನ್ನು ಹೆಕ್ಕಿ ಹೆಕ್ಕಿ ತೆಗೆದುಕೊಳ್ಳುತ್ತಿತ್ತು. ಅದರ ಫಾಸ್ಫೇಟ್ ಹಿಡಿಯುವ ಪ್ರೋಟೀನ್ ಆರ್ಸೆನೇಟಿಗಿಂತ ಫಾಸ್ಫೇಟನ್ನು ಸಾವಿರಾರು ಪಟ್ಟು ಮೇಲು ಎಂದು ಆರಿಸುತ್ತದೆ. 2025ರಲ್ಲಿ ಆ ಲೇಖನ ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು. ತಿನ್ನುವುದಲ್ಲ, ದೂರ ಇಡುವುದು. ಬ್ಯಾಕ್ಟೀರಿಯಾಗಳ ಜಾಣತನ ಇರುವುದು ಅಲ್ಲಿ.

ಹಾಗಾದರೆ ಬ್ಯಾಕ್ಟೀರಿಯಾ ಬದುಕಿದ್ದೂ ಗಂಟು ಏಕೆ ಕಡಿಮೆ? ಇದಕ್ಕೆ ಉತ್ತರ ಬ್ಯಾಕ್ಟೀರಿಯಾಕ್ಕಿಂತ ಜಾಸ್ತಿ ಬೇರಿನಲ್ಲಿದೆ. ರೈಜೋಬಿಯಂ ಬೇರಿನೊಳಗೆ ಹೋಗುವುದು ಬೇರಿನ ಸಣ್ಣ ರೋಮಗಳ ಮೂಲಕ. ಸೋಯಾ ಗಿಡದ ಮೇಲೆ ನಡೆದ ಅಧ್ಯಯನದಲ್ಲಿ ಆರ್ಸೆನಿಕ್ ಏರಿದಂತೆ ಬೇರಿನ ರೋಮ ಕಡಿಮೆಯಾಯಿತು, ಗಂಟೂ ಕಡಿಮೆಯಾಯಿತು. ಬ್ಯಾಕ್ಟೀರಿಯಾ ಬಾಗಿಲ ಬಳಿ ನಿಂತಿರುತ್ತದೆ, ಬಾಗಿಲೇ ಇರುವುದಿಲ್ಲ. ಸಾಮಾನ್ಯವಾಗಿ ಗಂಟಿನ ಬ್ಯಾಕ್ಟೀರಿಯಾಗಳು ಗಿಡಕ್ಕಿಂತ ಜಾಸ್ತಿ ಆರ್ಸೆನಿಕ್ ತಡೆದುಕೊಳ್ಳುತ್ತವೆ. ಜೋಡಿಯಲ್ಲಿ ಮೊದಲು ಸೋಲುವುದು ಗಿಡ.

ಸಾರಜನಕ ಕಟ್ಟುವುದು ಬಹಳ ದುಬಾರಿ ಕೆಲಸ ಅನ್ನುವುದೂ ಇದೆ. ಜೀವಕೋಶ ಶಕ್ತಿಯನ್ನು ಹೊತ್ತು ತಿರುಗಿಸುವ ಅಣುವಿಗೆ ಎಟಿಪಿ ಅಂತ ಹೆಸರು. ಒಂದು ಅಣು ಸಾರಜನಕಕ್ಕೆ ಕನಿಷ್ಠ 16 ಎಟಿಪಿ ಬೇಕು. ಎಟಿಪಿಯಲ್ಲಿ ಇರುವುದೇ ರಂಜಕ. ಆರ್ಸೆನೇಟ್ ಕೈ ಹಾಕುವುದೂ ಅಲ್ಲೇ.

ಬದುಕಿದ್ದೂ ಕೆಲಸ ಮಾಡದ ಬ್ಯಾಕ್ಟೀರಿಯಾಕ್ಕೆ ಬಹಳ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ವೋಬರ್ನ್‌ನದು. ಅಲ್ಲಿನ ಹೊಲವೊಂದಕ್ಕೆ 1942ರಿಂದ 1961ರ ತನಕ ಊರಿನ ಕೊಳಚೆಯ ಗಸಿಯನ್ನು ಗೊಬ್ಬರವಾಗಿ ಹಾಕಿದ್ದರು. ನಿಲ್ಲಿಸಿ ಎಷ್ಟೋ ವರ್ಷ ಆದ ಮೇಲೆ ಬಿಳಿ ಕ್ಲೋವರ್ ಎಂಬ, ಬೇರಿನಲ್ಲಿ ಗಂಟು ಕಟ್ಟುವ ಮೇವಿನ ಗಿಡ ಬೆಳೆದು ನೋಡಿದರೆ ಗಿಡಕ್ಕೆ ಸಾರಜನಕವೇ ಸಿಗುತ್ತಿರಲಿಲ್ಲ. ಬೇರಿನಲ್ಲಿ ಗಂಟು ಇತ್ತು. ಅದರಲ್ಲಿದ್ದ ಬ್ಯಾಕ್ಟೀರಿಯಾ ಸಾರಜನಕ ಕಟ್ಟದ ತಳಿ. ಕೆಲಸ ಮಾಡುವ ತಳಿಗಳು ಆ ಮಣ್ಣಿನಲ್ಲಿ ಉಳಿದಿರಲಿಲ್ಲ. ಅಲ್ಲಿನ ವಿಷ ಆರ್ಸೆನಿಕ್ ಅಲ್ಲ, ಕ್ಯಾಡ್ಮಿಯಂ, ಸತು, ತಾಮ್ರದಂಥ ಲೋಹಗಳು. ಆದರೂ ನಿಮಗೆ ಇದು ಬಹಳ ಹತ್ತಿರದ ವಿಷಯ. ನಿಮ್ಮ ಕಂಬದ ಔಷಧಿಯಲ್ಲಿ ತಾಮ್ರವೂ ಇದೆ. ಮೆಣಸಿನ ಬಳ್ಳಿ, ಅಡಿಕೆ, ಕಾಫಿಗೆ ವರ್ಷ ವರ್ಷ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ತಾಮ್ರವೇ ಇರುವುದು. ಆ ಮೂಲೆಯ ಮಣ್ಣಿನಲ್ಲಿ ತಾಮ್ರವನ್ನೂ ಕ್ರೋಮಿಯಂ ಅನ್ನೂ ಅಳೆಸಿ. ಗಂಟು ಕಡಿಮೆಯಾಗಿದ್ದಕ್ಕೆ ತಾಮ್ರದ ಪಾಲೂ ಇರಬಹುದು.

ಆರ್ಸೆನಿಕ್ ಒಂದನ್ನೇ ದೂರುವ ಮೊದಲು ಇನ್ನೂ ಒಂದು ನೋಡಿ. ನಮ್ಮ ಮಲೆನಾಡಿನ ಮಣ್ಣು ಹುಳಿ. ರಸಸಾರ (ಪಿಎಚ್) 5ರ ಸುತ್ತ ಇದ್ದರೆ ಗಂಟು ಕಟ್ಟುವುದು ಹೇಗೂ ಕಷ್ಟ. ರೈಜೋಬಿಯಂ ಪ್ಯಾಕೆಟ್ ಬಿಸಿಲಿನಲ್ಲಿ ಕೂತಿದ್ದರೆ, ಅವಧಿ ಮುಗಿದಿದ್ದರೆ, ಬೀಜಕ್ಕೆ ಶಿಲೀಂಧ್ರನಾಶಕವನ್ನೂ ಸೇರಿಸಿ ಲೇಪಿಸಿದ್ದರೆ ಅದರಲ್ಲಿ ಜೀವವೇ ಇರುವುದಿಲ್ಲ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ. ಅದೇ ಬೀಜ, ಅದೇ ಪ್ಯಾಕೆಟ್, ಅದೇ ದಿನ. ಒಂದು ಸಾಲು ಆ ಮೂಲೆಯಲ್ಲಿ, ಒಂದು ಸಾಲು ಕಂಬ ಬೀಳದ ಕಡೆ ಹಾಕಿ. ಹೂ ಬರುವ ಹೊತ್ತಿಗೆ ಎರಡೂ ಕಡೆ ನಾಲ್ಕಾರು ಗಿಡವನ್ನು ಸಲಿಕೆ ಹಾಕಿ ಮೆಲ್ಲಗೆ ಎತ್ತಿ. ಕೈಯಲ್ಲಿ ಎಳೆದರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಬೇರು ತೊಳೆದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಗೆ, ಗುಲಾಬಿಯಾಗಿ ಇದ್ದರೆ ಅದು ಸಾರಜನಕ ಕಟ್ಟುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಎಷ್ಟು ಗಂಟು ಇದೆ ಅನ್ನುವುದಕ್ಕಿಂತ ಒಳಗಿನ ಬಣ್ಣ ಮುಖ್ಯ. ಆ ಗಿಡದ ಕಾಯಿಯನ್ನು ಮಾತ್ರ ಅಡುಗೆಗೆ ತರಬೇಡಿ. ತೋಟದ ಹಾಲವಾಣದ ಬೇರಿನಲ್ಲೂ ಇದೇ ರೀತಿ ನೋಡಬಹುದು, ಅದೂ ಗಂಟು ಕಟ್ಟುವ ಮರವೇ.

ಇನ್ನು ಆ ಮೂಲೆಯನ್ನು ನೋಡಿಕೊಳ್ಳುವುದು ಹೇಗೆ. ನಿಮ್ಮ ಪಾಲಿಗೆ ದೊಡ್ಡ ಸಹಾಯ ಮಾಡುತ್ತಿರುವುದು ನಮ್ಮ ಕೆಂಪು ಮಣ್ಣು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಆರ್ಸೆನೇಟ್ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು ಬೇರಿಗೂ ಸುಲಭವಾಗಿ ಸಿಗುವುದಿಲ್ಲ, ಬ್ಯಾಕ್ಟೀರಿಯಾಕ್ಕೂ ಸಿಗುವುದಿಲ್ಲ. ಕೆಜಿಗೆ 46 ಇದ್ದರೂ ನಿಜವಾಗಿ ಓಡಾಡುವ ಪಾಲು ಅದರ ಸಣ್ಣ ಭಾಗ. ಈ ಹಿಡಿತ ಸಡಿಲವಾಗದ ಹಾಗೆ ನೋಡಿಕೊಳ್ಳುವುದೇ ನಿಮ್ಮ ಕೆಲಸ.

ಹಿಡಿತವನ್ನು ಬೇಗ ಸಡಿಲಿಸುವುದು ನಿಂತ ನೀರು. ಮಣ್ಣಿನಲ್ಲಿ ಗಾಳಿ ಮುಗಿದಾಗ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಕಬ್ಬಿಣದ ಆಕ್ಸೈಡನ್ನೇ ಉಸಿರಾಟಕ್ಕೆ ಬಳಸುತ್ತವೆ. ಕಬ್ಬಿಣ ಕರಗುತ್ತದೆ. ಅದಕ್ಕೆ ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಇನ್ನು ಕೆಲವು ಆರ್ಸೆನೇಟನ್ನೇ ಉಸಿರಾಡಿ ಆರ್ಸೆನೈಟ್ ಮಾಡುತ್ತವೆ. ಭತ್ತದ ಗದ್ದೆಯಲ್ಲಿ ಆರ್ಸೆನಿಕ್ ಸಮಸ್ಯೆ ಜಾಸ್ತಿ ಇರುವುದು ಇದಕ್ಕೇ. ಭತ್ತದ ಬೇರು ಸಿಲಿಕಾನ್ ಎಳೆಯುವ ದಾರಿಯಲ್ಲೇ ಆರ್ಸೆನೈಟನ್ನೂ ಎಳೆದುಕೊಳ್ಳುತ್ತದೆ. ಸಿಲಿಕಾನೂ ಅರೆಲೋಹ, ರೂಪ ಹೋಲುತ್ತದೆ. ಹಾಗಾಗಿ ಜೂನ್‌ಗೆ ಮೊದಲೇ ಆ ಮೂಲೆಯ ಸುತ್ತ ಬಸಿಗಾಲುವೆ ತೆಗೆಯಿರಿ. ಮೇಲಿನ ನೀರು ಅಲ್ಲಿಗೆ ಬಂದು ನಿಲ್ಲಬಾರದು, ಅಲ್ಲಿಯ ಮಣ್ಣು ಕೊಚ್ಚಿಕೊಂಡು ಕೆಳಗಿನ ಗದ್ದೆಗೂ ಹೋಗಬಾರದು. ಎರಡನೆಯದಕ್ಕೆ ಕಾಲುವೆ ಅಂಚಿನಲ್ಲಿ ಲಾವಂಚವನ್ನು ಒತ್ತಾಗಿ ನೆಡಿ.

ಕೊಟ್ಟಿಗೆ ಗೊಬ್ಬರ ಹಾಕಬಹುದು. ಬಸಿಯುವ ಮಣ್ಣಿನಲ್ಲಿ ಅದು ಒಳ್ಳೆಯದೇ, ಬ್ಯಾಕ್ಟೀರಿಯಾಗಳಿಗೆ ಊಟ. ಆದರೆ ನೀರು ನಿಂತ ಮಣ್ಣಿಗೆ ಹಸಿ ಗೊಬ್ಬರ ಹಾಕಿದರೆ ಕಬ್ಬಿಣ ಕರಗಿಸುವವಕ್ಕೂ ಅದೇ ಊಟ. ಪೇಟೆಯ ಕಸದ ಕಾಂಪೋಸ್ಟ್ ತರುವುದಾದರೆ ಪರೀಕ್ಷಾ ವರದಿ ಕೇಳಿ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಅಂಥ ಕಾಂಪೋಸ್ಟಿಗೆ ಆರ್ಸೆನಿಕ್ ಮಿತಿ ಕೆಜಿಗೆ 10 ಮಿಲಿಗ್ರಾಂ.

ರಂಜಕದ ಗೊಬ್ಬರದಲ್ಲಿ ಎರಡು ಕಡೆಯ ಹರಿತ ಇದೆ. ಫಾಸ್ಫೇಟ್ ಇದ್ದರೆ ಬೇರಿನ ಬಾಗಿಲಲ್ಲಿ ಆರ್ಸೆನೇಟಿಗೆ ಪೈಪೋಟಿ, ಒಳಗೆ ಹೋಗುವುದು ಕಡಿಮೆ. ಆದರೆ ಅದೇ ಫಾಸ್ಫೇಟ್ ಕಬ್ಬಿಣದ ಮೇಲೆ ಕೂತಿದ್ದ ಆರ್ಸೆನೇಟನ್ನು ತಳ್ಳಿ ತಾನು ಕೂರುತ್ತದೆ. ತಳ್ಳಿದ್ದು ಮಣ್ಣುನೀರಿಗೆ ಬರುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಹೇಳಿದಷ್ಟೇ ಹಾಕಿ, ಒಂದೇ ಸಲ ಸುರಿಯಬೇಡಿ. ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಗೊಬ್ಬರವನ್ನು ಆ ಮೂಲೆಗೆ ಹಾಕದಿರುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಅವು ಸುರಿಸುವ ಆಮ್ಲಗಳು, ಕಬ್ಬಿಣ ಹಿಡಿಯುವ ಅಣುಗಳು ರಂಜಕದ ಜೊತೆಗೆ ಆರ್ಸೆನಿಕ್ ಅನ್ನೂ ಬಿಡಿಸಬಲ್ಲವು. ತೋಟದ ಉಳಿದ ಕಡೆ ಧಾರಾಳವಾಗಿ ಹಾಕಿ.

ಸುಣ್ಣದ ವಿಷಯದಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಸೀಸ, ಕ್ಯಾಡ್ಮಿಯಂ ಇದ್ದ ಮಣ್ಣಿಗೆ ಸುಣ್ಣ ಹಾಕಿದರೆ ಅವು ಕಟ್ಟಿಕೊಳ್ಳುತ್ತವೆ. ಆರ್ಸೆನೇಟ್ ನಡೆಯುವುದು ಉಲ್ಟಾ. ಮಣ್ಣಿನ ಹುಳಿ ಕಡಿಮೆಯಾದಷ್ಟೂ ಕಬ್ಬಿಣದ ಮೇಲಿನ ಅದರ ಹಿಡಿತ ಸಡಿಲ. ನಿಮ್ಮಲ್ಲಿ ತಾಮ್ರವೂ ಇರುವ ಸಂಭವ ಇದೆ, ಅದಕ್ಕೆ ಸುಣ್ಣ ಬೇಕು. ಗಂಟು ಕಟ್ಟುವುದಕ್ಕೂ ಸ್ವಲ್ಪ ಬೇಕು. ರಸಸಾರ 6ರ ಹತ್ತಿರ ತನ್ನಿ, ಅಲ್ಲಿಗೆ ನಿಲ್ಲಿಸಿ.

ಆ ಜಾಗದಲ್ಲಿ ಸೊಪ್ಪು, ಮೂಲಂಗಿ, ಗೆಣಸು, ಕೆಸು ಬೆಳೆದು ತಿನ್ನಬೇಡಿ. ಆರ್ಸೆನಿಕ್ ಬೇರಿನಲ್ಲಿ ಜಾಸ್ತಿ, ಎಲೆಯಲ್ಲಿ ಅದಕ್ಕಿಂತ ಕಡಿಮೆ, ಕಾಯಿ ಬೀಜಗಳಲ್ಲಿ ಇನ್ನೂ ಕಡಿಮೆ ಸೇರುತ್ತದೆ. ಸೊಪ್ಪಿಗೆ ಮಣ್ಣು ಅಂಟಿಕೊಂಡು ಬರುವುದೇ ಎಷ್ಟೋ ಸಲ ದೊಡ್ಡ ಅಪಾಯ. ಕೋಳಿಗಳನ್ನು ಅಲ್ಲಿ ಕೆದಕಲು ಬಿಡಬೇಡಿ. ಚಿಕ್ಕ ಮಕ್ಕಳು ಆಡದ ಹಾಗೆ ನೋಡಿಕೊಳ್ಳಿ. ಬಾವಿ ಹತ್ತಿರದಲ್ಲಿದ್ದರೆ ನೀರನ್ನೂ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಒಂದು ಸಲ ಮಳೆಗಾಲದ ಕೊನೆಗೆ, ಒಂದು ಸಲ ಬೇಸಿಗೆಯಲ್ಲಿ ಕೊಡಿ.

ಆರ್ಸೆನಿಕ್ ನಿಜವಾಗಿ ಮಣ್ಣಿನಿಂದ ಹೊರಗೆ ಹೋಗಬೇಕು ಅಂದರೆ ದಾರಿ ಎರಡೇ. ಮಣ್ಣನ್ನೇ ತೆಗೆಸುವುದು ಒಂದು. ಇನ್ನೊಂದು ಒಂದು ಜರಿಗಿಡ, ಪ್ಟೆರಿಸ್ ವಿಟ್ಟಾಟ. ಹಳೇ ಗಾರೆ ಗೋಡೆಗಳ ಸಂದಿಯಲ್ಲಿ, ಕಲ್ಲು ಕಟ್ಟೆಗಳಲ್ಲಿ ನಮ್ಮ ದೇಶದಲ್ಲೂ ಬೆಳೆಯುತ್ತದೆ. ಇದು ಆರ್ಸೆನಿಕ್ ಅನ್ನು ಎಳೆದು ಎಲೆಯಲ್ಲಿ ಕೂಡಿಡುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಇದರ ಬೇರಿನ ಸುತ್ತ ಇರುವ ಬ್ಯಾಕ್ಟೀರಿಯಾಗಳು ಖನಿಜಕ್ಕೆ ಅಂಟಿದ ಆರ್ಸೆನಿಕ್ ಅನ್ನು ಬಿಡಿಸಿ ಕೊಡುತ್ತವೆ. ಅಲಸಂದೆಯ ಪಕ್ಕದಲ್ಲಿ ಬೇಡವಾದ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುರುತಿಸಲು ಮೂಡಿಗೆರೆಯ ತೋಟಗಾರಿಕೆ ಕಾಲೇಜಿನವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ, ಹೋಲುವ ಜರಿಗಳು ಬೇಕಾದಷ್ಟಿವೆ. ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ಆದರೆ ಜಾಗ ಸಣ್ಣದು, ನಿಮಗೆ ಅವಸರವಿಲ್ಲ, ಹಾಕಿ ನೋಡಬಹುದು. ಎಲೆ ಕೊಯ್ದಾಗ ಕೈಗೆ ಗವಸು ಇರಲಿ. ಕೊಯ್ದದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ದನಕ್ಕೆ ಹಾಕಬೇಡಿ, ಸುಡಬೇಡಿ. ಒಣಗಿಸಿ ಚೀಲ ಕಟ್ಟಿ ಆ ಕಂಬಗಳ ಜೊತೆಗೇ ವಿಲೇವಾರಿಗೆ ಇಡಿ.